ತೂತಿಲ್ಲದ ಟಪಾಲ ಚೀಟಿ: ಕತ್ತರಿ ದೂರ ಇಡ್ರಿ

ಎಲ್ಲಾರಿಗೂ ಶರಣ್ರಿ. ನಮ್ಮ ಕಲಬುರಗಿ, ಬೀದರ, ಯಾದಗಿರಿ ಕಡಿ ಹಳೀ ಮನಿ ಸಂದೂಕದಾಗ ಈಗೂ ನಿಜಾಮರ ಕಾಲದ ಟಪಾಲು ಸಿಗ್ತಾವ, ಅವನ್ನ ಇಟ್ಕೊಂಡೋರಿಗೇ ಈ ಮಾತು ಹೇಳ್ಲಾಕ ಬಂದೀನಿ. ಚೀಟಿ ಹರಕೊಳ್ಲಾಕ ಅಂಚಿಗುಂಟ ಸಣ್ಣ ತೂತಿನ ಸಾಲು ಇರ್ತದಲ್ರಿ, ಅದು ಇಲ್ಲದ ಚೀಟಿಗೆ ಇಂಪರ್ಫೊರೇಟ್ ಅಂತಾರ, ನಾವು ಚೀಟಿ ಕೂಡಿಸೋರು ಇಂಪರ್ಫ್ ಅಂತೀವಿ. ತೂತಿಲ್ಲ ಅಂದಕೂಡ್ಲೆ ಲಕ್ಷ ರೂಪಾಯಿ ಅಂತ ಕುಣೀಬ್ಯಾಡ್ರಿ, ಮೊದಲ ಅಂಚು ನೋಡ್ರಿ.

1840ರ ಇಂಗ್ಲೆಂಡಿನ ಪೆನ್ನಿ ಬ್ಲ್ಯಾಕ್ ಅನ್ನೋ ಚೀಟಿಗೆ ತೂತೇ ಇರ್ಲಿಲ್ಲ, ಕತ್ತರಿಲೇ ಕತ್ತರಿಸಿ ಹಚ್ತಿದ್ರು. ನಮ್ಮಲ್ಲಿ 1852ರ ಸಿಂಧ್ ಪ್ರಾಂತದ ಸಿಂಧ್ ಡಾಕ್ ಅನ್ನೋ ಚೀಟಿ, 1854ರಾಗ ಕಲ್ಕತ್ತಾದಾಗ ಅಚ್ಚಾದ ಅರ್ಧ ಆಣೆ ನೀಲಿ ಚೀಟಿನೂ ಹಂಗೇ. ಇಂಥವಕ್ಕ ನಾಕೂ ಕಡಿ ಖಾಲಿ ಅಂಚು ಎಷ್ಟು ಉಳದದ ಅನ್ನೋದ್ರ ಮ್ಯಾಲೇ ಬೆಲೆ.

ಶಹಾಪುರ ಕಡಿಂದ ಒಬ್ಬ ಹುಡುಗ ಬಂದಿದ್ದ, ಮುತ್ಯಾನ ಸಂದೂಕದಾಗಿಂದು ನಿಜಾಮರ ಚೀಟಿ ತಂದು, ಸರ್ ಇದಕ್ಕ ತೂತಿಲ್ಲ, ಭಾಳ ರೊಕ್ಕ ಬರ್ತದಂತಲ್ರಿ ಅಂದ. ನಿಜಾಮರ ಚೀಟಿ ಶುರುವಾಗಿದ್ದೇ 1869ಕ್ಕ, ಆ ಮೊದಲ ಚೀಟಿಗೇ ತೂತಿನ ಸಾಲು ಇತ್ತು. ಭೂತಗನ್ನಡಿ ಹಿಡದೆ. ನನ್ ಹತ್ರ ಇದ್ದ ಅಂಥದ್ದೇ ಇನ್ನೊಂದು ಚೀಟಿ ಮ್ಯಾಲ ಇಟ್ಟು ನೋಡಿದ್ರ ಅವಂದು ನಾಕೂ ಕಡಿ ಸಣ್ಣದು, ಎಡಗಡಿ ಕೆಳಗಿನ ಮೂಲ್ಯಾಗ ಅರ್ಧ ತೂತು ಉಗುರಿನಂಗ ಸೊಟ್ಟಗ ಇನ್ನೂ ಉಳದಿತ್ತು! ಕೇಳಿದ್ರ, ಅಂಚು ಹಲ್ಲು ಹಲ್ಲಾಗಿ ಹರದಿತ್ರಿ, ಚಂದ ಕಾಣ್ಲಿ ಅಂತ ನಮ್ಮಕ್ಕ ಕತ್ತರಿಲೇ ಸಾಪ್ ಮಾಡ್ಯಾಳ ಅಂದ. ಲಕೋಟಿ ಎಲ್ಲಪಾ ಅಂದ್ರ ನೀರೊಲಿಗೆ ಹಾಕೀವಿ ಅಂದ. ಊರಿನ ಮುದ್ರಿ, ತಾರೀಕು ಎಲ್ಲಾ ಆ ಲಕೋಟಿ ಮ್ಯಾಲೇ ಇದ್ದವು, ಯಾವ ಊರಿಂದ ಯಾವ ಊರಿಗೆ ಹ್ವಾದ ಟಪಾಲ ಅನ್ನೋದೇ ಒಲ್ಯಾಗ ಹೋತು. ಮನಸ್ಸಿಗೆ ಭಾಳ ಕೆಟ್ಟ ಅನಸ್ತು ನನಗ.

ಟೈಮ್ ಕಡಿಮಿ ಅದ, ಲಗೂ ಹೇಳ್ತೀನಿ. ಖರೇ ಇಂಪರ್ಫ್ ಅನ್ಲಾಕ ಒಂದಕ್ಕೊಂದು ಕೂಡೇ ಇರೋ ಜೋಡಿ ಚೀಟಿ ನೋಡ್ತಾರ, ನಡಕ ತೂತಿಲ್ಲದ ಜೋಡಿನ ಕತ್ತರಿಲೇ ಮಾಡ್ಲಾಕ ಬರಲ್ಲ, ಅದಕ್ಕ ಜೋಡಿ ಸಿಕ್ರ ಬಿಡಸಬ್ಯಾಡ್ರಿ. ಒಂಟಿ ಚೀಟಿ ಯಾರರ ಮಾರ್ಲಾಕ ಬಂದ್ರ, ಅಂಥದ್ದೇ ತೂತಿರೋ ಚೀಟಿ ಮ್ಯಾಲ ಇಟ್ಟು ಅಂಚು ನೋಡ್ರಿ, ಅಂಚು ಅಂಚು ಅಂತ ಎಷ್ಟು ಸಲ ಹೇಳ್ಲಿ. ಲಕೋಟಿಂದ ಚೀಟಿ ಬಿಡಸ್ಲಾಕ ನೀರಾಗ ನೆನಸೋದು, ಉಗುರಿಲೇ ಕೀಳೋದು ಬ್ಯಾಡ. ಯಾರಿಗರ ತೋರಸೋದಿದ್ರ ಲಕೋಟಿ ಸಮೇತ ಒಯ್ರಿ, ಕತ್ತರಿ ಮನ್ಯಾಗೇ ಬಿಡ್ರಿ.