ಫೋನಿನ ಆ ತುದಿಯಲ್ಲಿ ಸಿಸ್ಟರ್ ಇರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿಂಚೋಳಿ ಕಡೆಯ ಒಂದು ತಾಂಡಾ. ರಾತ್ರಿ ಹನ್ನೊಂದು ಗಂಟೆ. ಕೂಸನ್ನು ಕರೆದುಕೊಂಡು ಕಲಬುರಗಿ ದವಾಖಾನೆಗೆ ಬರಬೇಕು. ಆ ಹೊತ್ತಿನಲ್ಲಿ ಬಸ್ಸಿಲ್ಲ, ಟಂಟಂ ಇಲ್ಲ. ಊರಲ್ಲಿ ಯಾರದಾದರೂ ಕ್ರೂಸರ್ ಇದ್ದರೆ ಅವರ ಮನೆ ಬಾಗಿಲು ಬಡಿಯಬೇಕು. ಡೀಸೆಲ್‌ಗೆ ರೊಕ್ಕ ಹೊಂದಿಸಬೇಕು. ಜೊತೆಗೆ ಬಂದವರ ಚಹಾ, ನಾಷ್ಟಾ ನೋಡಬೇಕು. ಮರುದಿನ ಗಂಡ ಹೆಂಡತಿ ಇಬ್ಬರ ಕೂಲಿಯೂ ಹೋಯಿತು. ಇಷ್ಟೆಲ್ಲ ಆದ ಮೇಲೆ ಡಾಕ್ಟರು ಕೂಸಿನ ಹೊಟ್ಟೆ ಮುಟ್ಟಿ ನೋಡಿ, "ಏನಿಲ್ಲವ್ವಾ, ಗ್ಯಾಸ್ ಆಗ್ಯಾದ, ಮನಿಗಿ ಕರ್ಕೊಂಡು ಹೋಗು" ಅನ್ನುತ್ತಾರೆ.

ಫೋನಿನಲ್ಲಿ ಆರೋಗ್ಯ ಸಲಹೆ ಕೊಡುವ ಕೆಲಸಕ್ಕೆ ನರ್ಸ್ ಯಾಕೆ, ಕಂಪ್ಯೂಟರ್ ಸಾಕಲ್ಲ ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತಿದೆ. ಅದಕ್ಕೆ ಜನ ಮೊದಲು ಕೇಳುವ ಪ್ರಶ್ನೆ, ಯಂತ್ರಕ್ಕೆ ಅಷ್ಟೆಲ್ಲ ತಿಳೀತದಾ ಅಂತ. ತಿಳಿಯುತ್ತದೆ. ಅದರ ಬಗ್ಗೆ ನನಗೇನೂ ಅನುಮಾನವಿಲ್ಲ. ನನ್ನ ಚಿಂತೆ ಆ ಕ್ರೂಸರ್ ಬಾಡಿಗೆಯದು. "ಗಾಬರಿ ಬೇಡ, ಬೆಳಗಿನ ತನಕ ಮನೆಯಲ್ಲೇ ಇರಿ" ಎಂಬ ಮಾತನ್ನು ಯಾರು ಹೇಳುತ್ತಾರೆ?

ನಾನು ತಾಲೂಕು ಆಸ್ಪತ್ರೆಗಳಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು. ರಾತ್ರಿ ಪಾಳಿಯಲ್ಲಿ ವಾರ್ಡಿನ ಫೋನು ತೆಗೆದವರಿಗೆಲ್ಲ ಈ ಕೆಲಸ ಗೊತ್ತು. ಅದಕ್ಕೊಂದು ಹೆಸರಿರಲಿಲ್ಲ, ಅದಕ್ಕಂತ ಪಗಾರವೂ ಇರಲಿಲ್ಲ ಅಷ್ಟೆ.

ಮೊದಲು ಯಂತ್ರದ ಪರವಾಗಿಯೇ ಒಂದು ವಿಷಯ ಹೇಳುತ್ತೇನೆ. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಎಂಬುವರು ಮೈಸಿನ್ ಎಂಬ ಪ್ರೋಗ್ರಾಂ ಮಾಡಿದರು. ರಕ್ತದಲ್ಲಿ, ಮೆದುಳಿನ ಪೊರೆಯಲ್ಲಿ ಸೋಂಕು ಆದಾಗ ಯಾವ ಆಂಟಿಬಯಾಟಿಕ್ ಕೊಡಬೇಕು ಅಂತ ಹೇಳುವ ಪ್ರೋಗ್ರಾಂ. ಅದರೊಳಗೆ ಸುಮಾರು 600 ನಿಯಮಗಳು. ಇದಿದ್ದರೆ ಹೀಗೆ, ಅದಿದ್ದರೆ ಹಾಗೆ. ತಜ್ಞರ ತಲೆಯಲ್ಲಿದ್ದದ್ದನ್ನು ನಿಯಮ ಮಾಡಿ ಕಂಪ್ಯೂಟರಿಗೆ ತುಂಬುವ ಇಂಥದ್ದಕ್ಕೆ ಎಕ್ಸ್‌ಪರ್ಟ್ ಸಿಸ್ಟಂ ಎನ್ನುತ್ತಾರೆ. ಮೆದುಳಿನ ಪೊರೆಯ ಸೋಂಕಿನ 10 ರೋಗಿಗಳ ವಿವರ ತೆಗೆದುಕೊಂಡು, ಮೈಸಿನ್ ಹೇಳಿದ್ದನ್ನೂ ಡಾಕ್ಟರುಗಳು ಹೇಳಿದ್ದನ್ನೂ ಹೆಸರು ಮುಚ್ಚಿಟ್ಟು ಬೇರೆ ತಜ್ಞರ ಮುಂದಿಟ್ಟರು. 1979ರಲ್ಲಿ ಫಲಿತಾಂಶ ಅಚ್ಚಾಯಿತು. ಅಲ್ಲಿನ ದೊಡ್ಡ ಡಾಕ್ಟರುಗಳಿಗೆ ಮೈಸಿನ್ ಏನೂ ಕಡಿಮೆ ಬಿದ್ದಿರಲಿಲ್ಲ. ಆದರೂ ಅದು ಆಸ್ಪತ್ರೆಯ ದಿನದ ಕೆಲಸಕ್ಕೆ ಬರಲೇ ಇಲ್ಲ. ಒಂದೊಂದೇ ಪ್ರಶ್ನೆಗೆ ಉತ್ತರ ಟೈಪ್ ಮಾಡುತ್ತಾ ಕೂರಲು ಯಾವ ಡಾಕ್ಟರಿಗೆ ಪುರುಸೊತ್ತಿದೆ? ತಪ್ಪಾದರೆ ಹೊಣೆ ಯಾರದು ಎಂಬುದೂ ಇತ್ಯರ್ಥ ಆಗಿರಲಿಲ್ಲ. ಆ ಎರಡನೆಯದು ಈಗಲೂ ಹಾಗೇ ಇದೆ.

ಫೋನಿನ ವಿಷಯಕ್ಕೆ ಬಂದರೆ ಇಂಗ್ಲೆಂಡಿನವರು ಇದನ್ನು ದೊಡ್ಡದಾಗಿ ಮಾಡಿ ನೋಡಿದ್ದಾರೆ. 1998ರಲ್ಲಿ ಅವರು ಎನ್‌ಎಚ್‌ಎಸ್ ಡೈರೆಕ್ಟ್ ಎಂಬ ಸರ್ಕಾರಿ ಫೋನ್ ಸಲಹೆ ಸೇವೆ ಶುರು ಮಾಡಿದರು. ಕರೆ ತೆಗೆಯುತ್ತಿದ್ದದ್ದು ನರ್ಸ್‌ಗಳು, ಅವರ ಮುಂದೆ ಪ್ರಶ್ನೆ ತೋರಿಸುವ ಕಂಪ್ಯೂಟರ್. ಆಮೇಲೆ ಇದು ಜಾಸ್ತಿ ಖರ್ಚಿನ ಬಾಬತ್ತು ಅನ್ನಿಸಿತು. 2013ರ ಹೊತ್ತಿಗೆ 111 ಎಂಬ ಹೊಸ ನಂಬರು ದೇಶದ ತುಂಬ ಬಂತು. ಅಲ್ಲಿ ಫೋನು ತೆಗೆಯುವವರು ಹೆಚ್ಚಾಗಿ ನರ್ಸ್‌ಗಳಲ್ಲ, ಕೆಲವು ವಾರ ತರಬೇತಿ ಪಡೆದ ಸಾಮಾನ್ಯ ನೌಕರರು. ಪರದೆ ಮೇಲೆ ಬಂದ ಪ್ರಶ್ನೆ ಓದಬೇಕು, ಉತ್ತರ ಒತ್ತಬೇಕು, ಕೊನೆಗೆ ಬಂದ ಸಲಹೆ ಹೇಳಬೇಕು. ನರ್ಸ್‌ಗಳೂ ಇದ್ದರು, ಆದರೆ ಹಿಂದಿನ ಸಾಲಿನಲ್ಲಿ. 111 ಅನ್ನು ಮೊದಲು ಪ್ರಯೋಗ ಮಾಡಿದ ಕಡೆ ಸಂಶೋಧಕರು ಲೆಕ್ಕ ಹಾಕಿದರು. ಆಂಬುಲೆನ್ಸ್ ಮೇಲಿನ ಹೊರೆ ಇಳಿಯಬೇಕಿತ್ತು. ಇಳಿಯಲಿಲ್ಲ, ಸ್ವಲ್ಪ ಏರಿತು.

ಯಾಕೆ ಅಂತ ನರ್ಸ್ ಆದವಳಿಗೆ ಬಿಡಿಸಿ ಹೇಳಬೇಕಿಲ್ಲ. ನಿಯಮ ಬರೆಯುವವರು ರೋಗಿಯನ್ನು ನೋಡಿರುವುದಿಲ್ಲ. ಒಬ್ಬರಿಗೆ ಹೆಚ್ಚುಕಮ್ಮಿ ಆದರೂ ಹೆಸರು ಕೆಡುತ್ತದೆ. ಹಾಗಾಗಿ ಸ್ವಲ್ಪ ಅನುಮಾನ ಬಂದರೂ ಆಸ್ಪತ್ರೆಗೆ ಹೋಗಿ ಅಂತಲೇ ಬರೆದಿಡುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಬರೆಯುತ್ತಿದ್ದೆ. ಪರದೆ ನೋಡಿ ಓದುವವರಿಗೆ ಅದನ್ನು ಬದಲಿಸುವ ಅಧಿಕಾರ ಇರುವುದಿಲ್ಲ. ಲಂಡನ್ನಿನಲ್ಲಿ ಇದರಿಂದ ಆಸ್ಪತ್ರೆ ಗದ್ದಲ ಆಗುತ್ತದೆ. ನಮ್ಮ ಕಡೆ ಬೇರೆ ಥರ ಆಗುತ್ತದೆ. ಎರಡು ಸಲ ಸುಮ್ನೆ ಓಡಿ ಬಂದು ರೊಕ್ಕ ಕಳೆದುಕೊಂಡ ಮನೆಯವರು ಮೂರನೇ ಸಲ ಫೋನೇ ಮಾಡುವುದಿಲ್ಲ. ನಿಜವಾದ ಅಪಾಯ ಬರುವುದು ಆ ಮೂರನೇ ಸಲವೇ ಇರಬಹುದು.

ಈಗ ಸಿಸ್ಟರ್ ಫೋನಿನಲ್ಲಿ ಏನು ಮಾಡುತ್ತಾಳೆ ಅಂತ ನೋಡೋಣ. ಜೇವರ್ಗಿ ಕಡೆಯ ಹಳ್ಳಿಯಿಂದ ಒಬ್ಬ ತಾಯಿ ಫೋನ್ ಮಾಡಿದ್ದಾಳೆ ಅಂದುಕೊಳ್ಳಿ. "ಅಕ್ಕಾರ, ಕೂಸಿಗಿ ಉರಿ ಬಂದಾವ್ರಿ, ಗೋಳಿ ಯಾವುದು ಹಾಕ್ಲಿ?" ಎಂಟು ತಿಂಗಳ ಕೂಸು. ಅವಳು ಹೇಳಿದ್ದು ಜ್ವರ ಒಂದೇ. ಆದರೆ ಹಿಂದಿನಿಂದ ಕೂಸಿನ ಉಸಿರು ಕೇಳುತ್ತಿದೆ. ಸಿಸ್ಟರ್ ಹೇಳುತ್ತಾಳೆ: "ಕೂಸಿನ ಅಂಗಿ ಎತ್ತವ್ವಾ. ದೀಪ ಹಚ್ಚಿದ್ದಿ ಇಲ್ಲ? ಹೊಟ್ಟಿ ಮ್ಯಾಲೆದ್ದಾಗೊಮ್ಮೆ ಹ್ಞೂಂ ಅನ್ನು. ನಾ ಎಣಿಸ್ತೀನಿ." ಆ ಕಡೆಯಿಂದ ಹ್ಞೂಂ, ಹ್ಞೂಂ, ಹ್ಞೂಂ. ಈ ಕಡೆ ಸಿಸ್ಟರ್ ಕಣ್ಣು ಗಡಿಯಾರದ ಸೆಕೆಂಡ್ ಮುಳ್ಳಿನ ಮೇಲೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದಲ್ಲ, ಪೂರ್ತಿ ಒಂದು ನಿಮಿಷ. ಎರಡು ತಿಂಗಳು ತುಂಬಿದ, ಇನ್ನೂ ವರ್ಷ ತುಂಬದ ಕೂಸಿಗೆ ನಿಮಿಷಕ್ಕೆ 50 ಅಥವಾ ಮೇಲೆ ಬಂದರೆ ಅದು ವೇಗದ ಉಸಿರು. ಎರಡು ತಿಂಗಳ ಒಳಗಿನ ಕೂಸಿಗೆ 60. ವರ್ಷ ತುಂಬಿದ ಮೇಲೆ ಐದು ವರ್ಷದವರೆಗೆ 40. ಈ ಕೂಸಿಗೆ 58 ಬಂತು. ಉಸಿರು ಎಳೆದಾಗ ಎದೆಯ ಕೆಳಭಾಗ ಒಳಗೆ ಹೋಗುತ್ತಿದೆಯಾ ಅಂತ ಕೇಳಿದರೆ, ಹೌದು. ಇದು ನ್ಯುಮೋನಿಯಾ ಇರಬಹುದು. ಗೋಳಿ ಮಾತು ಆಮೇಲೆ, ಈಗಲೇ 108ಕ್ಕೆ ಫೋನ್.

ಈ 50, 60, 40 ಯಾವ ಕಂಪ್ಯೂಟರಿಗೂ ಬರುತ್ತದೆ. ನಮಗಿಂತ ಚೆನ್ನಾಗಿ ನೆನಪಿಡುತ್ತದೆ. ಆದರೆ ಗೋಳಿ ಯಾವುದು ಅಂತ ಕೇಳಿದವಳ ಕೈಯಲ್ಲಿ ಅಂಗಿ ಎತ್ತಿಸಿ ಹ್ಞೂಂ ಅನ್ನಿಸಬೇಕು ಅಂತ ಹೊಳೆದದ್ದು ಹಿಂದಿನ ಉಸಿರು ಕಿವಿಗೆ ಬಿದ್ದದ್ದರಿಂದ.

ಇದೇ ರಾತ್ರಿ ಇನ್ನೊಂದು ಫೋನು. ಎರಡು ವರ್ಷದ ಮಗುವಿಗೆ ಭೇದಿ. ಸಿಸ್ಟರ್ ಕೇಳುತ್ತಾಳೆ: ಅತ್ತರೆ ಕಣ್ಣೀರು ಬರ್ತಾವಾ? ಕಣ್ಣು ಒಳಗೆ ಹೋಗಿವೆಯಾ? ಕೊನೆಗೆ ಉಚ್ಚೆ ಹೊಯ್ದದ್ದು ಯಾವಾಗ? ನೀರು ಕೊಟ್ಟರೆ ಮಾಮೂಲಿನಂತೆ ಕುಡಿಯುತ್ತಾನಾ? ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಕೂಡಲೇ ಸರಿಹೋಗುತ್ತದಾ? ಭೇದಿಯಲ್ಲಿ ರಕ್ತ ಇದೆಯಾ? ಎಲ್ಲ ಸರಿ ಇದೆ. ಆಗ ಅವಳು ಹೇಳುತ್ತಾಳೆ: ಓಆರ್‌ಎಸ್ ಒಂದು ಪಾಕೀಟು, ಒಂದು ಲೀಟರ್ ನೀರು, ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡು. ಬೆಳಿಗ್ಗೆ ಆಶಾ ಹತ್ತಿರ ಜಿಂಕ್ ಮಾತ್ರೆ ಇಸಿದುಕೋ, 14 ದಿನ ಕೊಡಬೇಕು. ಈಗ ಎಲ್ಲಿಗೂ ಹೋಗಬೇಡ. "ಐದು ಗಂಟೆಗಿ ನಾನೇ ಫೋನ್ ಮಾಡ್ತೀನಿ. ಅದರೊಳಗ ಕುಡಿಯೋದು ಬಿಟ್ರ ನೀನೇ ಮಾಡು." ಐದಕ್ಕೆ ಫೋನ್ ಮಾಡುತ್ತಾಳೆ ಕೂಡ. ಮನೆಯಲ್ಲೇ ಇರು ಎಂಬ ಮಾತನ್ನು ಅವಳು ಹೇಳಲು ಆಗುವುದು ಈ ಐದು ಗಂಟೆಯ ಫೋನಿನಿಂದ. ಮಾತು ತಪ್ಪಾದರೆ ಅವಳ ಹೆಸರಿದೆ, ನೋಂದಣಿ ನಂಬರಿದೆ, ಕೇಳುವವರಿದ್ದಾರೆ.

ಇನ್ನೊಂದು ತಮಾಷೆ ಕೇಳಿ. ಹೃದಯಾಘಾತದ ಪ್ರಶ್ನೆಗಳಲ್ಲಿ "ಬೆವರು ಬರುತ್ತಿದೆಯೇ" ಅಂತ ಇದ್ದೇ ಇರುತ್ತದೆ. ಮೇ ತಿಂಗಳಲ್ಲಿ, ಕಲಬುರಗಿ ಬಿಸಿಲು 43 ಡಿಗ್ರಿ ಇದ್ದಾಗ, ಕರೆಂಟ್ ಹೋದ ಮನೆಯಲ್ಲಿ ಈ ಪ್ರಶ್ನೆ ಕೇಳಿ ನೋಡಿ! ಬೀದಿಯಲ್ಲಿ ಇರುವವರೆಲ್ಲ ಹೌದು ಅನ್ನುತ್ತಾರೆ. ಇಲ್ಲಿಯ ಸಿಸ್ಟರ್ ಕೇಳುವುದು ಬೇರೆ: ಮೈ ಮುಟ್ಟಿ ನೋಡು, ತಣ್ಣಗಿದೆಯಾ? ಸಕ್ಕರೆ ಕಾಯಿಲೆ ಇದ್ದವರಿಗೆ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಹೆಂಗಸರಲ್ಲೂ ಎಷ್ಟೋ ಸಲ ಹಾಗೇ. "ಎದಿ ನೋವಿಲ್ಲರಿ, ಜೀವ ಕಸಿವಿಸಿ ಆಗ್ಲಿಕತ್ತದ" ಅಂದ ಮುದುಕಿಯ ಫೋನನ್ನು ಅಷ್ಟಕ್ಕೇ ಇಟ್ಟುಬಿಡುವ ಹಾಗಿಲ್ಲ. ಅದೂ ಎಷ್ಟೋ ಸಲ ಫೋನ್ ಮಾಡುವವಳು ಆ ಮುದುಕಿ ಅಲ್ಲವೇ ಅಲ್ಲ. ಮಗ ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗಿರುತ್ತಾನೆ, ತಾಯಿ ಆಳಂದದ ಹಳ್ಳಿಯಲ್ಲಿರುತ್ತಾಳೆ, ಫೋನ್ ಮಾಡುವವನು ಅವನು. ಅವನಿಗೆ ಪ್ರಶ್ನೆ ಕೇಳಿ ಏನು ಉಪಯೋಗ? ಪಕ್ಕದ ಮನೆಯವರ ನಂಬರ್ ಇಸಿದುಕೊಳ್ಳಬೇಕು.

ಯಂತ್ರವನ್ನು ಪೂರ್ತಿ ಮನುಷ್ಯರ ಜಾಗಕ್ಕೆ ತಂದರೆ ಏನಾಗಬಹುದು ಎಂಬುದಕ್ಕೆ 2023ರಲ್ಲಿ ಅಮೆರಿಕದಲ್ಲಿ ಒಂದು ಉದಾಹರಣೆ ಸಿಕ್ಕಿತು. ಊಟದ ಕಾಯಿಲೆ, ಅಂದರೆ ತೆಳ್ಳಗಾಗಲು ಊಟ ಬಿಡುವಂಥ ಕಾಯಿಲೆ ಇದ್ದವರಿಗೆ ಅಲ್ಲೊಂದು ದೊಡ್ಡ ಸಂಸ್ಥೆಯ ಸಹಾಯವಾಣಿ ಇತ್ತು. ಅದನ್ನು ಮುಚ್ಚುತ್ತೇವೆ, ಟೆಸ್ಸಾ ಎಂಬ ಚಾಟ್‌ಬಾಟ್ ಇದೆಯಲ್ಲ ಅಂದರು. ಆ ಟೆಸ್ಸಾ ಸಹಾಯ ಕೇಳಿ ಬಂದವರಿಗೆ ತೂಕ ಇಳಿಸುವುದು ಹೇಗೆ ಅಂತ ಹೇಳಿಕೊಟ್ಟಿತು! ಕೂಡಲೇ ಅದನ್ನು ತೆಗೆಯಬೇಕಾಯಿತು.

ನಮ್ಮ ದೇಶ ಈ ವಿಷಯದಲ್ಲಿ ಒಂದು ಗೆರೆ ಎಳೆದಿದೆ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್, ಅಂದರೆ ದೂರದಿಂದಲೇ ರೋಗಿಯನ್ನು ನೋಡುವ ಪದ್ಧತಿಯ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ: ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ರೋಗಿಗೆ ತಾನೇ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ. ಡಾಕ್ಟರಿಗೆ ನೆರವಾಗಬಹುದು, ಅಷ್ಟೆ. 2019ರಲ್ಲಿ ಶುರುವಾದ ಇ-ಸಂಜೀವಿನಿ ನೋಡಿ. ನಮ್ಮ ಹಳ್ಳಿಯ ಉಪಕೇಂದ್ರದಲ್ಲಿ ರೋಗಿಯ ಪಕ್ಕ ಸಿ.ಎಚ್.ಓ., ಅಂದರೆ ಸಮುದಾಯ ಆರೋಗ್ಯ ಅಧಿಕಾರಿ, ಕೂತಿರುತ್ತಾರೆ, ದೂರದ ಡಾಕ್ಟರು ಪರದೆಯಲ್ಲಿರುತ್ತಾರೆ. ಈ ಸಿ.ಎಚ್.ಓ.ಗಳಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರೇ. ನಾಡಿ ಹಿಡಿಯಲು ಕೈ ಅಲ್ಲೇ ಇದೆ, ಡಾಕ್ಟರು ಕೇಳಿದ್ದನ್ನು ಲಂಬಾಣಿಯಲ್ಲೋ ದಖನಿಯಲ್ಲೋ ತೆಲುಗಿನಲ್ಲೋ ಮತ್ತೆ ಕೇಳಲು ಬಾಯಿಯೂ ಅಲ್ಲೇ ಇದೆ. ಯಾದಗಿರಿ, ಬೀದರ್ ಕಡೆ ಇದು ಸಣ್ಣ ಮಾತಲ್ಲ.

ಹಾಗಂತ ಸಿಸ್ಟರುಗಳನ್ನು ದೇವತೆ ಮಾಡಲು ನಾನು ಬಂದಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ನಾವೂ ಸಿಡುಕುತ್ತೇವೆ. ಗರ್ಭಿಣಿಯಾ ಅಂತ ಕೇಳುವುದು ಮರೆಯುತ್ತೇವೆ. ಯಂತ್ರ ಮರೆಯುವುದಿಲ್ಲ, ಸಿಡುಕುವುದಿಲ್ಲ, ಫೋನ್ ಮಾಡಿದವರ ಜಾತಿ, ಬಟ್ಟೆ, ಮಾತಿನ ಧಾಟಿ ನೋಡಿ ದನಿ ಬದಲಿಸುವುದಿಲ್ಲ. ಈ ಕೊನೆಯದನ್ನು ನಮ್ಮವರು ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಹಾಗಾಗಿ ಯಂತ್ರ ಬರಲಿ, ಸಿಸ್ಟರ್ ಮುಂದೆ ಕೂರಲಿ. ಮರೆತ ಪ್ರಶ್ನೆ ನೆನಪಿಸಲಿ, ಬರೆದಿಡಲಿ, ಐದು ಗಂಟೆಗೆ ಯಾರಿಗೆ ಫೋನ್ ಮಾಡಬೇಕು ಅಂತ ಗಂಟೆ ಬಾರಿಸಲಿ. ಅದರ ಸಲಹೆಯನ್ನು ಬದಲಿಸುವ ಅಧಿಕಾರ ಮಾತ್ರ ಸಿಸ್ಟರ್ ಕೈಯಲ್ಲಿರಬೇಕು. ಅದಿಲ್ಲದಿದ್ದರೆ ಅವಳೂ ಪರದೆ ಓದುವ ನೌಕರಳೇ. ಖರ್ಚು ಉಳಿಯುತ್ತದೆ ಅನ್ನುವವರು ಚಿಂಚೋಳಿಯವರ ಕ್ರೂಸರ್ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿ ಹೇಳಲಿ.

ಕೊನೆಗೆ ಕೇಳುಗರಿಗೆ ಉಪಯೋಗದ ನಾಲ್ಕು ಮಾತು. ತುರ್ತು ಇದ್ದರೆ 108. ಆರೋಗ್ಯ ಸಲಹೆಗೆ 104. ಮನಸ್ಸಿನ ಸಂಕಟಕ್ಕೆ 14416, ಇದು ಟೆಲಿ ಮಾನಸ್. ಫೋನ್ ಮಾಡುವಾಗ ರೋಗಿಯ ಪಕ್ಕದಲ್ಲೇ ಕೂತು ಮಾಡಿ. ಕೊಟ್ಟಿರುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ. ಕೂಸಾದರೆ ಫೋನನ್ನು ಅದರ ಬಾಯಿ ಹತ್ತಿರ ಹಿಡಿಯಿರಿ, ಆ ಕಡೆಯವರು ಹಿಡಿ ಅಂತ ಹೇಳದಿದ್ದರೂ ಹಿಡಿಯಿರಿ. ಹಾವು ಕಡಿದಿದ್ದರೆ ಫೋನಿನಲ್ಲಿ ಹೊತ್ತು ಕಳೆಯಬೇಡಿ, ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಅಲುಗಾಡಿಸದೆ ದವಾಖಾನೆಗೆ ಕರೆದುಕೊಂಡು ಬನ್ನಿ. ಮನೆಯಲ್ಲೇ ಇರಿ ಅಂತ ಯಾರಾದರೂ ಹೇಳಿದರೆ, ಫೋನ್ ಇಡುವ ಮುಂಚೆ ಎರಡು ವಿಷಯ ಕೇಳಿ ಬರೆದುಕೊಳ್ಳಿ: ಏನಾದರೆ ನಾವು ಮತ್ತೆ ಫೋನ್ ಮಾಡಬೇಕು, ಮತ್ತು ನಿಮ್ಮ ಹೆಸರೇನು.

ನಮಸ್ಕಾರ.