ನಿಗಾ ಇಡುವ ಪ್ರೋಗ್ರಾಂಗೆ ಎಷ್ಟು ಅಧಿಕಾರ?

ಕೇಳುಗರೇ, ನಮಸ್ಕಾರ.

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ ಈ ತಲೆನೋವು ಗೊತ್ತಿರುತ್ತದೆ. ವೆಬ್ ಸರ್ವಿಸ್ ನಿಂತರೆ ಸರ್ವರ್ ಮೇಲೆ ನಿಗಾ ಇಡುವ ನಾಗಿಯೋಸ್ ತಾನೇ ಅದನ್ನು ರೀಸ್ಟಾರ್ಟ್ ಮಾಡಲಿ ಅಂತ ಒಂದು ಸ್ಕ್ರಿಪ್ಟ್ ಬರೆದಿಡುತ್ತೇವೆ. ನಾವು ಓಡಿಸಿದರೆ ಸರಿಯಾಗಿ ಓಡುತ್ತದೆ. ನಾಗಿಯೋಸ್ ಓಡಿಸಿದರೆ ಅನುಮತಿ ಇಲ್ಲ ಅನ್ನುತ್ತದೆ.

ನಾವು ಓಡಿಸಿದ್ದು ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರನಾಗಿ, ಅಲ್ವಾ? ಸರ್ವರ್‌ನಲ್ಲಿ ಕೂತಿರುವ ಎನ್‌ಆರ್‌ಪಿಇ ಏಜೆಂಟ್, ಅಂದರೆ ನಾಗಿಯೋಸ್ ಹೇಳಿದ್ದನ್ನು ಅಲ್ಲಿ ಓಡಿಸುವ ಪ್ರೋಗ್ರಾಂ, ಸಾಮಾನ್ಯ ಬಳಕೆದಾರ. ಬೇಕೆಂದೇ ಹಾಗೆ ಇಟ್ಟಿದ್ದಾರೆ. ಅದು 5666ನೇ ಪೋರ್ಟ್‌ನಲ್ಲಿ ಹೊರಗಿನ ಮಾತಿಗೆ ಕಿವಿಕೊಟ್ಟಿರುತ್ತದೆ. ಅದರಲ್ಲಿ ಯಾರಿಗಾದರೂ ಒಂದು ದೋಷ ಸಿಕ್ಕಿದರೂ ಇಡೀ ಯಂತ್ರ ಅವರ ಕೈಗೆ ಹೋಗಬಾರದು.

ಕೆಲವರು ಬೇಸತ್ತು, ಆ ಬಳಕೆದಾರನಿಗೆ ಪಾಸ್‌ವರ್ಡ್ ಇಲ್ಲದೆ ಎಲ್ಲ ಕಮಾಂಡ್‌ಗಳಿಗೂ ಸುಡೊ, ಅಂದರೆ ರೂಟ್ ಆಗಿ ಓಡಿಸುವ ಅನುಮತಿ, ಕೊಟ್ಟುಬಿಡುತ್ತಾರೆ. ಕೆಲಸ ಆಗುತ್ತದೆ, ಹಾಗಾಗಿ ಮತ್ತೆ ಯಾರೂ ಅದರ ಕಡೆ ನೋಡುವುದಿಲ್ಲ. ಏಜೆಂಟನ್ನು ರೂಟ್ ಆಗಿ ಓಡಿಸುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ.

ಸರ್ವಿಸ್ ಓಡುತ್ತಿದೆಯೇ ಅಂತ ನೋಡಲು ಸಾಮಾನ್ಯವಾಗಿ ರೂಟ್ ಬೇಕಾಗಿಯೇ ಇಲ್ಲ. ಸರ್ವಿಸ್‌ಗಳನ್ನು ನಿಭಾಯಿಸುವ ಕಮಾಂಡ್ ಸಿಸ್ಟಮ್‌ಸಿಟಿಎಲ್; ಅದರಲ್ಲಿ ಈಸ್-ಆಕ್ಟಿವ್ ಅಂತ ಯಾರು ಕೇಳಿದರೂ ಉತ್ತರ ಸಿಗುತ್ತದೆ. ಒಂದೇ ತೊಡಕು: ಸರ್ವಿಸ್ ನಿಂತಿದ್ದರೆ ಅದು 3 ಅನ್ನುವ ಸಂಖ್ಯೆ ಹಿಂದಿರುಗಿಸುತ್ತದೆ. ನಾಗಿಯೋಸ್ ಲೆಕ್ಕದಲ್ಲಿ 3 ಅಂದರೆ ಸ್ಥಿತಿ ಗೊತ್ತಿಲ್ಲ, 2 ಅಂದರೆ ಗಂಭೀರ. ಅದನ್ನು ಬದಲಾಯಿಸಲು ನಡುವೆ ಒಂದು ಪುಟ್ಟ ಸ್ಕ್ರಿಪ್ಟ್ ಬೇಕು.

ರೀಸ್ಟಾರ್ಟ್‌ಗೆ ಮಾತ್ರ ಸುಡೊ ಬೇಕು. ಅದಕ್ಕೆ ಸುಡೊ ನಿಯಮಗಳಿರುವ ಸುಡೊಅರ್ಸ್-ಡಿ ಫೋಲ್ಡರಿನಲ್ಲಿ ಬೇರೆ ಫೈಲ್ ಇಡಿ. ಫೈಲ್ ಹೆಸರಿನಲ್ಲಿ ಚುಕ್ಕಿ ಇರಬಾರದು, ಇದ್ದರೆ ಸುಡೊ ಅದನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ಇಂಥ ಫೈಲ್ ತಿದ್ದಲೆಂದೇ ಇರುವ ವೈಸುಡೊ ಬಳಸಿಯೇ ತಿದ್ದಿ. ಬರವಣಿಗೆಯಲ್ಲಿ ತಪ್ಪಿದ್ದರೆ ಉಳಿಸುವ ಮೊದಲೇ ಅದು ಎಚ್ಚರಿಸುತ್ತದೆ. ಸಿಸ್ಟಮ್‌ಸಿಟಿಎಲ್‌ನ ಪೂರ್ತಿ ಪಾತ್, ರೀಸ್ಟಾರ್ಟ್, ಆ ಒಂದು ಸರ್ವಿಸ್‌ನ ಹೆಸರು, ಇಷ್ಟೇ ಬರೆಯಿರಿ. ಸರ್ವಿಸ್ ಹೆಸರಿನ ಜಾಗದಲ್ಲಿ ನಕ್ಷತ್ರದ ಗುರುತು ಬೇಡ. ಹಾಕಿದರೆ ಯಾವ ಸರ್ವಿಸನ್ನು ಬೇಕಾದರೂ ರೀಸ್ಟಾರ್ಟ್ ಮಾಡಬಹುದು. ಆ ಫೈಲಿನಲ್ಲಿ ಕಮಾಂಡ್ ಬದಲು ಸ್ಕ್ರಿಪ್ಟ್ ಹೆಸರು ಕೊಡುವುದಾದರೆ, ಆ ಸ್ಕ್ರಿಪ್ಟನ್ನು ಏಜೆಂಟ್ ತಿದ್ದುವಂತಿರಬಾರದು. ತಿದ್ದಲು ಬಿಟ್ಟರೆ ಪೂರ್ತಿ ರೂಟ್ ಕೊಟ್ಟ ಹಾಗೆಯೇ!

ಕರೆಯುವಾಗ ಸುಡೊ ಜೊತೆ ಮೈನಸ್ ಎನ್ ಸೇರಿಸಿ. ಪಾಸ್‌ವರ್ಡ್ ಬೇಕಾಗಿ ಬಂದರೆ ಅದು ಕೇಳುತ್ತಾ ನಿಲ್ಲುವುದಿಲ್ಲ, ತಕ್ಷಣ ಸೋಲುತ್ತದೆ. ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ಸ್ಟೇಟಸ್ ಕಮಾಂಡಿಗೆ ಸುಡೊ ಕೊಡುವುದರಿಂದ ಏನೂ ಅಪಾಯವಿಲ್ಲ ಅಂತ ಅನಿಸಬಹುದು. ಆದರೆ ಟರ್ಮಿನಲ್‌ನಲ್ಲಿ ಅದರ ಉತ್ತರ ಉದ್ದವಾದರೆ ಪುಟಪುಟವಾಗಿ ತೋರಿಸುವ ಲೆಸ್ ಪ್ರೋಗ್ರಾಂ ತೆರೆದುಕೊಳ್ಳುತ್ತದೆ. ಸಿಸ್ಟಮ್‌ಸಿಟಿಎಲ್ ಸೇರಿರುವ ಸಿಸ್ಟಮ್‌ಡಿಯ ಹಳೆಯ ಆವೃತ್ತಿಗಳಲ್ಲಿ ಅಲ್ಲಿಂದಲೇ ರೂಟ್ ಶೆಲ್‌ಗೆ, ಅಂದರೆ ಯಾವ ಕಮಾಂಡನ್ನಾದರೂ ರೂಟ್ ಆಗಿ ಓಡಿಸುವ ಜಾಗಕ್ಕೆ, ಹೋಗಬಹುದಿತ್ತು.

ಇನ್ನು ಸುಡೊ ಲಾಗ್. ಯಾವ ಬಳಕೆದಾರ ಯಾವ ಕಮಾಂಡ್ ಓಡಿಸಿದ ಅನ್ನುವುದು ಅಲ್ಲಿ ದಾಖಲಾಗುತ್ತದೆ. ಒಂದೇ ರಾತ್ರಿಯಲ್ಲಿ ನಾಲ್ಕೈದು ರೀಸ್ಟಾರ್ಟ್ ಕಂಡರೆ ಕಾರಣ ಹುಡುಕಬೇಕಾದ್ದು ಆ ಸರ್ವಿಸ್‌ನ ಜರ್ನಲ್‌ನಲ್ಲಿ, ಅಂದರೆ ಅದರದ್ದೇ ದಾಖಲೆಯಲ್ಲಿ. ಅದನ್ನು ಓದಲು ಬಳಕೆದಾರನನ್ನು ಸಿಸ್ಟಮ್‌ಡಿ-ಜರ್ನಲ್ ಗುಂಪಿಗೆ ಸೇರಿಸಿದರೆ ಸಾಕು, ಸುಡೊ ಬೇಡ.