ಬೇಸಿಗೆಯ ಹೊಳೆಯಲ್ಲಿ ಮೊದಲು ನೆಲ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೇಸಿಗೆ ರಜೆ ಬಂತು. ಮಕ್ಕಳನ್ನು ಕರೆದುಕೊಂಡು ಹೊಳೆ ಕಡೆ ಹಕ್ಕಿ ನೋಡಲು ಹೋಗುವವರು ಈಚೆಗೆ ಜಾಸ್ತಿ ಆಗಿದ್ದಾರೆ. ನನಗೆ ತುಂಬಾ ಖುಷಿ. ಆದರೆ ಹೇಗೆ ಹೋಗುತ್ತೀರಿ? ಕೊರಳಲ್ಲಿ ಬೈನಾಕ್ಯುಲರ್, ಕಣ್ಣು ಮರದ ತುದಿಯಲ್ಲಿ, ಕಾಲು ಮಾತ್ರ ಎಲ್ಲೆಂದರಲ್ಲಿ. ಇವತ್ತು ನಾನು ಹೇಳುವುದು ಒಂದೇ ಮಾತು. ಬೇಸಿಗೆಯಲ್ಲಿ ಹೊಳೆಗೆ ಇಳಿದರೆ ಮೊದಲು ನೆಲ ನೋಡಿ. ಮರ ಆಮೇಲೆ.

ಯಾಕೆ ಅಂತೀರಾ? ಮಾರ್ಚ್‌ನಿಂದ ಮೇ ತನಕ ನೀರು ಇಳಿಯುತ್ತದೆ. ಮರಳದಿಬ್ಬ, ಬಂಡೆ, ಬೆಣಚುಕಲ್ಲಿನ ಹಾಸು ಮೇಲೆ ಬರುತ್ತವೆ. ನಮ್ಮ ಕಣ್ಣಿಗೆ ಅದು ಖಾಲಿ ಜಾಗ. ಕೆಲವು ಹಕ್ಕಿಗಳಿಗೆ ಅದೇ ಬಾಣಂತಿ ಕೋಣೆ. ಕಡ್ಡಿ ತಂದು ಗೂಡು ಕಟ್ಟುವ ಅಭ್ಯಾಸ ಅವಕ್ಕಿಲ್ಲ. ನೆಲದಲ್ಲಿ ಸಣ್ಣ ಕುಳಿ ಮಾಡಿ ಮೊಟ್ಟೆ ಇಡುತ್ತವೆ, ಅಷ್ಟೇ. ಹಳದಿ ಕೊಕ್ಕು, ಕರಿ ನೆತ್ತಿ, ಕವಲು ಬಾಲದ ನದಿ ರೀವ ಹೀಗೆಯೇ ಮಾಡುತ್ತದೆ. ಭದ್ರಾ ಹಿನ್ನೀರಿನಲ್ಲಿ ನೀರು ತಗ್ಗಿದಾಗ ತಲೆ ಎತ್ತುವ ನಡುಗಡ್ಡೆಯಲ್ಲಿ ಇವುಗಳ ದೊಡ್ಡ ಸಂಸಾರವೇ ನೆರೆಯುತ್ತದೆ. ರಂಗನತಿಟ್ಟು 1940ರಿಂದಲೂ ಪಕ್ಷಿಧಾಮ. ಅಲ್ಲಿಗೆ ಹೋದವರು ಮರದ ಮೇಲಿನ ಬಣ್ಣದ ಕೊಕ್ಕರೆ ನೋಡಿ ಬಂದುಬಿಡುತ್ತೀರಿ. ದೋಣಿಯ ಪಕ್ಕದ ಬಂಡೆ ಮೇಲೆ ರೀವ ಕೂತಿರುತ್ತದೆ, ಅದನ್ನು ಕೇಳುವವರಿಲ್ಲ!

ಒಂದು ಸಂಗತಿ ಹೇಳುತ್ತೇನೆ. ಒಮ್ಮೆ ಕಾಲೇಜಿನ ಮಕ್ಕಳ ಜೊತೆ ಕಾವೇರಿ ದಡಕ್ಕೆ ಹೋಗಿದ್ದೆ. ಕಲ್ಲುಹಾಸಿನ ಮೇಲೆ ಕಾಲಿಟ್ಟೆವೋ ಇಲ್ಲವೋ, ಒಂದು ಟಿಟ್ಟಿಭ ತಲೆ ಮೇಲೆ ಕೂಗುತ್ತಾ ಸುತ್ತತೊಡಗಿತು. ಅದೇ, ಕಣ್ಣಿನ ಮುಂದೆ ಕೆಂಪು ಚರ್ಮ, ಹಳದಿ ಉದ್ದ ಕಾಲಿನ ಹಕ್ಕಿ. ನೀವೆಲ್ಲ ನೋಡಿರುತ್ತೀರಿ. ಒಬ್ಬ ಹುಡುಗ ಕೇಳಿದ, "ಸಾರ್, ಇದು ಯಾಕೆ ನಮ್ಮನ್ನ ಹೀಗೆ ಬೈತಿದೆ?" ನಾನು ಹೇಳಿದೆ, "ನಿಂತಲ್ಲೇ ನಿಲ್ಲಪ್ಪ. ಕಾಲ ಹತ್ತಿರ ನೋಡು." ನೋಡಿದ. ಬರೀ ಕಲ್ಲು ಅಂದ. ಇನ್ನೊಮ್ಮೆ ನೋಡು ಅಂದೆ. ಆಗ ಒಬ್ಬಳು ಹುಡುಗಿ ಮೆಲ್ಲಗೆ ಬೆರಳು ತೋರಿಸಿದಳು. ಅವನ ಬೂಟಿನಿಂದ ಒಂದು ಮಾರು ಕೂಡ ದೂರವಿಲ್ಲ. ಕಲ್ಲಿನದೇ ಬಣ್ಣ, ಮೇಲೆ ಕಪ್ಪು ಮಚ್ಚೆ. ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಕ್ಕೆ ಸೇರಿಸಿ ಇಟ್ಟಿದ್ದವು.

ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಬಂದೆವು. ದೂರದ ಹೊಳೆಮತ್ತಿ ಮರದ ಬುಡದಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಟಿಟ್ಟಿಭ ಇಳಿಯಿತು. ನೇರವಾಗಿ ಗೂಡಿಗೆ ಹೋಗಲಿಲ್ಲ. ಅಲ್ಲಿ ಇಲ್ಲಿ ಸುಮ್ನೆ ಓಡಾಡಿ, ಯಾರೂ ಬರುತ್ತಿಲ್ಲ ಎಂದು ಗೊತ್ತಾದ ಮೇಲೆ ಹೋಗಿ ಮೊಟ್ಟೆಗಳ ಮೇಲೆ ನಿಂತಿತು. ಕೂರಲಿಲ್ಲ, ನಿಂತಿತು. ಬಿಸಿಲು ಏರಿತ್ತು. ತನ್ನ ಮೈಯನ್ನೇ ನೆರಳು ಮಾಡಿತ್ತು. ಆಮೇಲೆ ಅದರ ಜೋಡಿ ಬಂತು. ಮೊದಲನೆಯದು ನೀರಿನ ಹತ್ತಿರ ಓಡಿ, ಹೊಟ್ಟೆ ಮುಳುಗುವ ಹಾಗೆ ಕೂತಿತು, ಎದ್ದಿತು, ಮತ್ತೆ ಕೂತಿತು. "ಸ್ನಾನ ಮಾಡ್ತಿದೆಯಾ ಸಾರ್?" ಅಂದ ಅದೇ ಹುಡುಗ. ಅಲ್ಲ! ಹೊಟ್ಟೆಯ ಗರಿಯಲ್ಲಿ ನೀರು ಹೀರಿಕೊಂಡು ಓಡಿ ಬಂದು, ಆ ಒದ್ದೆ ಗರಿಯಿಂದ ಮೊಟ್ಟೆ ತಂಪು ಮಾಡಿತು. ಈ ಕೆಲಸವನ್ನು ಗಂಡೂ ಮಾಡುತ್ತದೆ, ಹೆಣ್ಣೂ ಮಾಡುತ್ತದೆ. ಇದನ್ನು ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ಯೋಚಿಸಿ. 40 ಡಿಗ್ರಿ ದಾಟಿದರೆ ಮೊಟ್ಟೆಯೊಳಗಿನ ಜೀವ ಹೆಚ್ಚು ಹೊತ್ತು ತಡೆಯುವುದಿಲ್ಲ. ಮಧ್ಯಾಹ್ನದ ಮರಳು ಅದಕ್ಕಿಂತ ಎಷ್ಟೋ ಬಿಸಿ. ನೀವು ಅಲ್ಲೇ ಚಾಪೆ ಹಾಸಿ ಬುತ್ತಿ ಬಿಚ್ಚಿದರೆ, ನೀವು ಏಳುವ ತನಕ ಆ ಹಕ್ಕಿ ಗೂಡಿಗೆ ಬರುವುದಿಲ್ಲ. ಮೊಟ್ಟೆ ತುಳಿಯಲೇಬೇಕೆಂದಿಲ್ಲ, ಪಕ್ಕದಲ್ಲಿ ಕೂತರೂ ಸಾಕು, ಅದು ಸಾಯುತ್ತದೆ. ಫೋಟೋ ತೆಗೆಯುತ್ತೇನೆ ಎಂದು ಹತ್ತಿರ ಹೋಗುವುದೂ ದಯವಿಟ್ಟು ಬೇಡ. ನೀವು ಎಲ್ಲಿ ಬಗ್ಗಿದಿರಿ ಎಂದು ಕಾಗೆ ನೋಡಿಕೊಂಡಿರುತ್ತದೆ. ಆದ್ದರಿಂದ ನೆಲ ನೋಡಿ.

ಗಿಡಗಳ ಬಗ್ಗೆಯೂ ಹೇಳಬೇಕಿತ್ತು, ಸಮಯ ಓಡುತ್ತಿದೆ. ಅಲ್ಲೂ ಇದೇ ಮಾತು, ನೆಲ ನೋಡಿ. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ನೀರು ರಭಸವಾಗಿ ಹರಿಯುವ ಕಡೆ ಬಂಡೆಗೆ ಅಂಟಿಕೊಂಡು ಪಾಚಿಯಂಥದ್ದೇನೋ ಕಾಣುತ್ತದೆ ಅಲ್ವಾ? ಅದೆಲ್ಲ ಪಾಚಿ ಅಲ್ಲ. ಪೊಡೊಸ್ಟೆಮೇಸಿ ಎಂಬ ಕುಟುಂಬದ ಹೂಬಿಡುವ ಗಿಡಗಳೂ ಅದರಲ್ಲಿ ಇರುತ್ತವೆ. ಮಳೆಗಾಲವೆಲ್ಲ ನೀರಿನಡಿ ಬೆಳೆದು, ನೀರು ಇಳಿದು ಬಂಡೆ ಬಯಲಾದ ಕೂಡಲೇ ಅವಸರದಲ್ಲಿ ಹೂ ಬಿಟ್ಟು, ಕಾಯಿ ಕಟ್ಟಿ, ಒಣಗುತ್ತವೆ. ಬೇಸಿಗೆಯಲ್ಲಿ ನಿಮಗೆ ಸಿಗುವುದು ಕಂದು ಬಣ್ಣದ ಹೊಪ್ಪಳೆ, ಅದರ ಮೇಲೆ ಪುಟ್ಟ ಪುಟ್ಟ ಕಾಯಿ. ಬೀಜ ನೀರು ತಾಗಿದರೆ ಅಂಟಾಗಿ ಬಂಡೆ ಹಿಡಿಯುತ್ತದೆ. ಹೊಳೆ ಕಾಲಕ್ಕೆ ಸರಿಯಾಗಿ ಏರಿ ಇಳಿದರೆ ಮಾತ್ರ ಇವಕ್ಕೆ ಬದುಕು. ಸುಮ್ನೆ ಉಗುರಿನಿಂದ ಕೆರೆದು ನೋಡಬೇಡಿ. ಬಂಡೆ ಸಂದಿಯಲ್ಲಿ ಕಣಗಿಲೆ ಎಲೆಯಂಥ ಉದ್ದ ಎಲೆಯ ಪೊದೆ ಕಂಡರೆ ಅದರ ಬೇರನ್ನೂ ಗಮನಿಸಿ. ಹೊಮೊನಾಯ ಅಂತ ಅದರ ಹೆಸರು. ಪ್ರವಾಹ ಬಂದರೂ ಬಾಗುತ್ತದೆ, ಕೀಳುವುದಿಲ್ಲ.

ಮಣ್ಣಿನ ದಡದಲ್ಲಿ ತೂತುಗಳಿದ್ದರೆ ಕಳ್ಳಿಪೀರವೋ ಮಿಂಚುಳ್ಳಿಯೋ ಒಳಗಿರಬಹುದು. ಕಡ್ಡಿ ಹಾಕಬೇಡಿ, ಮಕ್ಕಳಿಗೂ ಹೇಳಿ.

ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರುವ ಮೊದಲು ದಿಬ್ಬ ಬಿಟ್ಟು ದಡದ ನೆರಳಿಗೆ ಬನ್ನಿ. ಟಿಟ್ಟಿಭ ಕೂಗಿದರೆ ಅಲ್ಲೇ ನಿಂತು ನೆಲ ನೋಡಿ, ಬಂದ ಹೆಜ್ಜೆಯಲ್ಲೇ ಹಿಂದಿರುಗಿ. ಜೂನ್‌ನಲ್ಲಿ ಮಳೆ ಹಿಡಿದರೆ ಈ ದಿಬ್ಬಗಳೆಲ್ಲ ಮುಳುಗುತ್ತವೆ, ಅಷ್ಟರೊಳಗೆ ಮರಿಗಳು ಹಾರಬೇಕು. ನಮಸ್ಕಾರ.